ಪ್ರಾರ್ಥನೆಗೆ ಮೊದಲು ರೋಗಿ ಮಾತಾಡಲಿ

ಮಾನ್ಯ ಸಂಪಾದಕರೇ,

ದೊಡ್ಡ ಕಾಯಿಲೆ ಬಂದ ಕ್ರೈಸ್ತ ಮನೆಗಳಿಗೆ ಪ್ರಾರ್ಥನೆಗೆಂದು ಬಹಳ ಜನ ಹೋಗುತ್ತಾರೆ. ಧರ್ಮಕೇಂದ್ರದ ಫಾದರ್ ಮತ್ತು ಸಿಸ್ಟರ್‌ಗಳು, ಪ್ರೊಟೆಸ್ಟೆಂಟರ ಸಿಎಸ್‌ಐ (ದಕ್ಷಿಣ ಭಾರತ ಸಭೆ) ಸಭೆಯ ಅಯ್ಯನವರು, ಸ್ತ್ರೀಯರ ಕೂಟದವರು, ಸ್ವತಂತ್ರ ಸಭೆಗಳ ಪಾಸ್ಟರುಗಳು, ಊರಿನಿಂದ ಬಂದ ನೆಂಟರು. ಎಲ್ಲರೂ ಪ್ರೀತಿಯಿಂದಲೇ ಹೋಗುವವರು. ಆದರೂ ಹಾಡು, ವಾಕ್ಯ, ಪ್ರಾರ್ಥನೆ, ಧೈರ್ಯದ ಮಾತು ಎಲ್ಲ ಮುಗಿದು ಚಹಾ ಕುಡಿದು ಎದ್ದುಬರುವ ಹೊತ್ತಿಗೆ ಒಂದು ಮಾತನ್ನೂ ಆಡದೆ ಉಳಿದವರು ಯಾರೆಂದು ನೋಡಿದರೆ, ಎಷ್ಟೋ ಸಲ ಅದು ಮಂಚದ ಮೇಲಿರುವವರೇ. ಬೈಬಲ್ ಕಲಿಸಿದ ಪದ್ಧತಿ ಇದಲ್ಲ. ಆ ಮಾತನ್ನು ಹೇಳುವುದಕ್ಕೂ, ಭೇಟಿಗೆ ಹೋಗುವವರು ತಿಳಿದಿರಬೇಕಾದ ಕೆಲವು ಸಂಗತಿಗಳನ್ನು ಬಿಡಿಸಿಡುವುದಕ್ಕೂ ಈ ಪತ್ರ.

ರೋಗಿಗಾಗಿ ಪ್ರಾರ್ಥಿಸುವ ಕ್ರಮಕ್ಕೆ ಕಥೋಲಿಕರೂ ಪ್ರೊಟೆಸ್ಟೆಂಟರೂ ಆಧಾರವಾಗಿ ತೋರಿಸುವುದು ಯಾಕೋಬನ ಪತ್ರಿಕೆಯ 5ನೇ ಅಧ್ಯಾಯ, 14ನೇ ವಚನ. ಸಭೆಯ ಹಿರಿಯರು ಬಂದು ಕರ್ತನ ಹೆಸರಿನಲ್ಲಿ ಎಣ್ಣೆ ಹಚ್ಚಿ ಪ್ರಾರ್ಥಿಸಬೇಕು ಎಂಬುದು ಎಲ್ಲರ ನೆನಪಿನಲ್ಲಿದೆ. ಆದರೆ ಆ ಹಿರಿಯರನ್ನು ಕರೆಸುವವನು ಯಾರು? ಕಾಯಿಲೆ ಬಿದ್ದವನೇ. ವಚನದ ಮೊದಲ ಕೆಲಸ ಅವನದು. ಕೇಳದೆ ಹೇಳದೆ ಹದಿನೈದು ಜನ ಕೋಣೆಗೆ ನುಗ್ಗುವುದಕ್ಕೆ ಈ ವಚನದಲ್ಲಿ ಜಾಗವಿಲ್ಲ. ಹಾಗಾಗಿ ಹೊರಡುವ ಮುಂಚೆ ಫೋನ್ ಮಾಡಿ. ಮನೆಯವರನ್ನಷ್ಟೇ ಕೇಳಿದರೆ ಸಾಲದು. ರೋಗಿಗೆ ಮಾತಾಡುವ ಶಕ್ತಿಯಿದ್ದರೆ ಅವರನ್ನೇ ಕೇಳಿ: ಇವತ್ತು ಬರಬಹುದೇ, ಎಷ್ಟು ಜನ ಬರಲಿ, ಹಾಡು ಬೇಕೇ ಬೇಡವೇ. ಬೇಡ ಅಂದರೆ ಬೇಡ. ಅದು ಅವಿಶ್ವಾಸವಲ್ಲ, ದಣಿವು.

ನಮ್ಮಲ್ಲಿ ಕಾಯಿಲೆಯ ಹೆಸರನ್ನು ರೋಗಿಯಿಂದ ಮುಚ್ಚಿಡುವ ರೂಢಿ ಬಲವಾಗಿದೆ. ಕ್ಯಾನ್ಸರ್ ಎಂಬುದನ್ನು ‘ಗಂಟು’ ಎನ್ನುತ್ತಾರೆ, ಕೀಮೋವನ್ನು ‘ಶಕ್ತಿಯ ಡ್ರಿಪ್’ ಎನ್ನುತ್ತಾರೆ. ಪ್ರಾರ್ಥನೆಗೆ ಬಂದವರಿಗೂ ಬಾಗಿಲಲ್ಲೇ ಪಿಸುಮಾತಿನಲ್ಲಿ ಎಚ್ಚರಿಕೆ: ಅವರಿಗೆ ಹೇಳಿಲ್ಲ. ಹಿಜ್ಕೀಯ ಅರಸನ ಪ್ರಸಂಗವನ್ನು ಇಲ್ಲಿ ಓದಿಕೊಳ್ಳಬೇಕು. ಎರಡನೆಯ ಅರಸುಗಳು 20ನೇ ಅಧ್ಯಾಯದಲ್ಲೂ ಯೆಶಾಯ 38ರಲ್ಲೂ ಅದು ಬರುತ್ತದೆ. ಪ್ರವಾದಿ ಯೆಶಾಯ ಬಂದು, ನೀನು ಸಾಯುತ್ತೀ, ಮನೆಯ ವ್ಯವಸ್ಥೆ ಮಾಡಿಕೋ ಎಂದು ಮುಖಕ್ಕೇ ಹೇಳುತ್ತಾನೆ. ಹಿಜ್ಕೀಯ ಗೋಡೆಯ ಕಡೆಗೆ ಮುಖ ತಿರುಗಿಸಿ ತಾನೇ ಪ್ರಾರ್ಥಿಸುತ್ತಾನೆ, ಗಟ್ಟಿಯಾಗಿ ಅಳುತ್ತಾನೆ. ಯೆಶಾಯ ಅರಮನೆ ದಾಟಿ ಹೊರಗೆ ಹೋಗುವಷ್ಟರಲ್ಲೇ ಉತ್ತರ ಬರುತ್ತದೆ: ಇನ್ನು 15 ವರ್ಷ. ಆಮೇಲೆ ಅಂಜೂರದ ಹಣ್ಣಿನ ಉಂಡೆ ತರಿಸಿ ಹುಣ್ಣಿನ ಮೇಲೆ ಕಟ್ಟುತ್ತಾರೆ. ನಿಜ ತಿಳಿಸಿದ್ದು, ಅತ್ತದ್ದು, ಪ್ರಾರ್ಥಿಸಿದ್ದು, ಮದ್ದು ಕಟ್ಟಿದ್ದು, ನಾಲ್ಕೂ ಒಂದೇ ಕೋಣೆಯಲ್ಲಿ ನಡೆದಿವೆ. ನಿಜ ತಿಳಿಯದೆ ಹೋಗಿದ್ದರೆ ಆ ಪ್ರಾರ್ಥನೆಯೇ ಇರುತ್ತಿರಲಿಲ್ಲ.

ಎಲ್ಲವನ್ನೂ ಒಂದೇ ಸಲಕ್ಕೆ ಹೇಳಬೇಕೆಂದಲ್ಲ. ಡಾಕ್ಟರು ಏನು ಹೇಳಿದರು, ನಿಮಗೆ ಏನು ಅರ್ಥವಾಗಿದೆ, ಇನ್ನೂ ಏನು ತಿಳಿಯಬೇಕು ಅನ್ನಿಸುತ್ತದೆ ಎಂದು ಕೇಳಿದರೆ ಬಹುಪಾಲು ರೋಗಿಗಳು ತಮಗೆ ಎಷ್ಟು ಬೇಕೋ ಅಷ್ಟನ್ನು ತಾವೇ ಕೇಳಿಕೊಳ್ಳುತ್ತಾರೆ. ತಿಳಿಸುವ ಕೆಲಸ ವೈದ್ಯರದು. ಪ್ರಾರ್ಥನೆಗೆ ಬಂದವರು ಅದನ್ನು ಕೈಗೆತ್ತಿಕೊಳ್ಳಬಾರದು. ರೋಗಿ ನೇರವಾಗಿ ಕೇಳಿದಾಗ ಸುಳ್ಳು ಹೇಳಲೂ ಬಾರದು.

ಇನ್ನೊಂದು ಮಾತು ಮನೆಮನೆಯಲ್ಲಿ ಕೇಳಿಬರುತ್ತದೆ: ನಂಬಿಕೆ ಸಾಲದ್ದಕ್ಕೆ ಗುಣವಾಗಲಿಲ್ಲ, ಯಾವುದೋ ಪಾಪ ಉಳಿದುಕೊಂಡಿದೆ. ಸಾಯುತ್ತಿರುವವರ ಎದೆಯ ಮೇಲೆ ಇದಕ್ಕಿಂತ ಭಾರವಾದ ಕಲ್ಲನ್ನು ಇಡಲು ಸಾಧ್ಯವಿಲ್ಲ. ಹುಟ್ಟುಕುರುಡನ ವಿಷಯದಲ್ಲಿ ಶಿಷ್ಯರು ಇದೇ ಪ್ರಶ್ನೆ ಕೇಳಿದಾಗ, ಇವನ ಪಾಪವೂ ಅಲ್ಲ, ಇವನ ತಂದೆತಾಯಿಗಳ ಪಾಪವೂ ಅಲ್ಲ ಎಂದು ಯೇಸು ಉತ್ತರಿಸಿದ್ದು ಯೋಹಾನ 9ರಲ್ಲಿದೆ. ಅಪೊಸ್ತಲ ಪೌಲನು ತನ್ನ ಶರೀರದ ಮುಳ್ಳು, ಅಂದರೆ ಬಿಡದ ಬಾಧೆ, ತೆಗೆಯಬೇಕೆಂದು 3 ಸಲ ಬೇಡಿಕೊಂಡ. ಮುಳ್ಳು ಹೋಗಲಿಲ್ಲ, ಕೃಪೆ ಸಾಕು ಎಂಬ ಮಾತು ಬಂತು. ಅದೇ ಪೌಲ ತನ್ನ ಜೊತೆಗಾರ ತ್ರೊಫಿಮನನ್ನು ಮಿಲೇತ ಪಟ್ಟಣದಲ್ಲಿ ಕಾಯಿಲೆಯಲ್ಲೇ ಬಿಟ್ಟುಬಂದ, ಶಿಷ್ಯ ತಿಮೊಥೆಗೆ ಹೊಟ್ಟೆಯ ತೊಂದರೆಗೆ ಸ್ವಲ್ಪ ದ್ರಾಕ್ಷಾರಸ ತೆಗೆದುಕೊಳ್ಳಲು ಬರೆದ. ಇವರಲ್ಲಿ ಯಾರ ನಂಬಿಕೆ ಸಾಲದಾಗಿತ್ತು? ಎಲ್ಲ ಕಳೆದುಕೊಂಡು ಕಾಯಿಲೆ ಬಿದ್ದ ಯೋಬನ ಗೆಳೆಯರು ಮೊದಲ 7 ದಿನ, 7 ರಾತ್ರಿ ಅವನ ಜೊತೆ ನೆಲದ ಮೇಲೆ ಸುಮ್ಮನೆ ಕುಳಿತಿದ್ದರು. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಬಾಯಿ ತೆರೆದು ಕಾಯಿಲೆಗೆ ಕಾರಣ ಹುಡುಕತೊಡಗಿದ ಮೇಲೆ ಕೆಟ್ಟಿತು. ಕೊನೆಯಲ್ಲಿ ದೇವರ ಕೋಪ ಬಂದದ್ದು ಗೋಳಾಡಿದ ಯೋಬನ ಮೇಲಲ್ಲ, ದೇವರ ಪರವಾಗಿ ವಾದಿಸಿದ ಆ ಗೆಳೆಯರ ಮೇಲೆ.

ಈಗ ಭೇಟಿಯ ವಿವರಕ್ಕೆ ಬರೋಣ. ಇಬ್ಬರು, ಹೆಚ್ಚೆಂದರೆ ಮೂವರು ಸಾಕು. 15 ನಿಮಿಷ ಸಾಕು. ಕೀಮೋ ಕೊಟ್ಟ ಸುಮಾರು 7ರಿಂದ 14ನೇ ದಿನದ ನಡುವೆ ಬಿಳಿ ರಕ್ತಕಣಗಳು ತೀರಾ ಇಳಿದಿರುತ್ತವೆ. ಆಗ ನಮಗೆ ಸಣ್ಣ ನೆಗಡಿ ಅನ್ನಿಸಿದ್ದು ಅವರಿಗೆ ಐಸಿಯು ಆಗಬಹುದು. ನೆಗಡಿ, ಕೆಮ್ಮು, ಭೇದಿ ಇದ್ದವರು ಹೋಗಲೇಬೇಡಿ, ಫೋನಿನಲ್ಲಿ ಪ್ರಾರ್ಥಿಸಿ. ಹೋದವರು ಸೋಪು ಹಚ್ಚಿ ಕೈ ತೊಳೆದು ಒಳಗೆ ಬನ್ನಿ. ಮಲ್ಲಿಗೆ ಮುಡಿದು, ಸೆಂಟು ಹಾಕಿಕೊಂಡು ಬರಬೇಡಿ. ಕೀಮೋದ ವಾಕರಿಕೆಗೆ ವಾಸನೆಯೊಂದೇ ಸಾಕು. ಮಂಚದ ಮೇಲೆ ಕೂರದೆ ಕುರ್ಚಿ ಎಳೆದುಕೊಂಡು, ರೋಗಿಯ ಕಣ್ಣಿನ ಮಟ್ಟದಲ್ಲಿ ಕುಳಿತುಕೊಳ್ಳಿ.

ಆಮೇಲೆ ಒಂದೇ ಪ್ರಶ್ನೆ: ಇವತ್ತು ಯಾವುದಕ್ಕಾಗಿ ಪ್ರಾರ್ಥಿಸೋಣ? ಕೇಳಿ ಸುಮ್ಮನಿರಿ. ಉತ್ತರಕ್ಕೆ ಅರ್ಧ ನಿಮಿಷ ಹಿಡಿಯಬಹುದು, ಆ ಅರ್ಧ ನಿಮಿಷ ಕೂಟದವರಿಗೆ ಬಹಳ ಉದ್ದ ಅನ್ನಿಸುತ್ತದೆ, ಯಾರಾದರೂ ಹಾಡು ಎತ್ತಿಬಿಡುತ್ತಾರೆ. ಎತ್ತಬೇಡಿ. ಗುಣವಾಗಲಿ ಎಂದು ಕೇಳಬಹುದು. ರಾತ್ರಿ ನಿದ್ದೆ ಬರಲಿ, ಮಲಬದ್ಧತೆ ಹೋಗಲಿ, ಮಗಳ ಮದುವೆಯವರೆಗೆ ಇರಲಿ, ಅಣ್ಣನ ಜೊತೆ ಮಾತು ಬಿಟ್ಟದ್ದು ಸರಿಹೋಗಲಿ, ಬೇಗ ಕರಕೊಂಡುಹೋಗಲಿ ಎಂದೂ ಕೇಳಬಹುದು. ಅವರು ಹೇಳಿದ್ದನ್ನೇ, ಅವರ ಮಾತಿನಲ್ಲೇ ದೇವರ ಮುಂದೆ ಇಡಿ. ‘ಬೇಗ ಕರಕೊಂಡುಹೋಗಲಿ’ ಅಂದವರನ್ನು ಗದರಿಸಬೇಡಿ. ಪ್ರವಾದಿ ಎಲೀಯನೂ ಜಾಲಿಗಿಡದ ಕೆಳಗೆ ಅದನ್ನೇ ಕೇಳಿದ್ದ, ದೇವರು ಅವನಿಗೆ ರೊಟ್ಟಿ, ನೀರು ಕೊಟ್ಟು ಮಲಗಿಸಿದ. ಆದರೆ ಆ ಮಾತಿನ ಹಿಂದೆ ತಡೆಯಲಾರದ ನೋವೋ ಜೀವ ತೆಗೆದುಕೊಳ್ಳುವ ಯೋಚನೆಯೋ ಇದೆಯೇ ಎಂದು ಮೆಲ್ಲಗೆ ಕೇಳಿ, ಇದ್ದರೆ ಅಂದೇ ಅವರ ಡಾಕ್ಟರಿಗೆ ತಿಳಿಸಿ.

ವಾಕ್ಯ ಓದುವುದಾದರೆ ಐದಾರು ವಚನ ಮೀರಬೇಡಿ. 23ನೇ ಕೀರ್ತನೆ ಎಲ್ಲರಿಗೂ ಬಾಯಿಪಾಠ. ಅದರೊಳಗೆ ಒಂದು ತಿರುವು ಇದೆ. ಮೊದಲ 3 ವಚನಗಳಲ್ಲಿ ದೇವರ ಬಗ್ಗೆ ‘ಆತನು’ ಎಂಬ ಮಾತು. ಕತ್ತಲಿನ ಕಣಿವೆಗೆ ಕಾಲಿಡುವ 4ನೇ ವಚನದಲ್ಲಿ ಅದು ‘ನೀನು’ ಆಗಿಬಿಡುತ್ತದೆ. ಅಲ್ಲಿವರೆಗೆ ದೇವರ ವಿಷಯ ಮಾತಾಡುತ್ತಿದ್ದವನು ಅಲ್ಲಿಂದ ದೇವರ ಜೊತೆಗೇ ಮಾತಾಡುತ್ತಾನೆ. ಓದುವಾಗ ಅಲ್ಲಿ ಒಂದು ಉಸಿರು ನಿಂತು ಮುಂದೆ ಹೋಗಿ. ಸಿಟ್ಟು, ಕತ್ತಲೆ ತುಂಬಿಕೊಂಡ ರೋಗಿಗೆ 88ನೇ ಕೀರ್ತನೆ ಇದೆ. ಸಮಾಧಾನವಿಲ್ಲದೆ ಕತ್ತಲೆಯಲ್ಲೇ ಮುಗಿಯುವ ಪ್ರಾರ್ಥನೆ ಅದು. ಹಾಗೂ ಪ್ರಾರ್ಥಿಸಬಹುದು ಎಂದು ತಿಳಿದರೆ ಎಷ್ಟೋ ಜನರಿಗೆ ಮೊದಲ ಬಾರಿಗೆ ಬಾಯಿ ಬರುತ್ತದೆ.

ಕೈ ಇಡುವುದಕ್ಕೂ ಎಣ್ಣೆಗೂ ಲೆಕ್ಕವಿದೆ. ಕ್ಯಾನ್ಸರ್ ಮೂಳೆಗೆ ಹರಡಿದ್ದರೆ ಬೆನ್ನು ಒತ್ತಿದರೂ ಭುಜ ಅಲುಗಾಡಿಸಿದರೂ ಮೂಳೆ ಮುರಿಯಬಹುದು. ರಕ್ತ ಸೋರದಂತೆ ತಡೆಯುವ ಪ್ಲೇಟ್‌ಲೆಟ್ ಕಣಗಳು ಇಳಿದಿದ್ದರೆ ಬಿಗಿಯಾಗಿ ಹಿಡಿದ ಕಡೆ ಚರ್ಮದ ಕೆಳಗೆ ರಕ್ತ ಸೋರಿ ನೀಲಿಯಾಗುತ್ತದೆ. ತಲೆ ಹಿಡಿದು ಅಲ್ಲಾಡಿಸುವುದು, ಎಬ್ಬಿಸಿ ಮಂಡಿಯೂರಿಸುವುದು ಬೇಡವೇ ಬೇಡ. ಕೇಳಿಕೊಂಡು ಅಂಗೈಯನ್ನು ಹಗುರವಾಗಿ ಇಟ್ಟರೆ ಸಾಕು. ಎಣ್ಣೆ ಒಂದು ತೊಟ್ಟು, ಹಣೆಗೆ. ರೇಡಿಯೇಷನ್ ನಡೆಯುತ್ತಿರುವ ಜಾಗಕ್ಕೆ ಹಚ್ಚಬೇಡಿ. ಅಲ್ಲಿನ ಚರ್ಮ ಸುಟ್ಟಂತಾಗಿರುತ್ತದೆ, ಗುರುತಿಗೆ ಹಾಕಿದ ಶಾಯಿಯೂ ಅಳಿಸುತ್ತದೆ. ಮಂತ್ರಿಸಿದ ಎಣ್ಣೆ, ಯಾತ್ರೆಯಿಂದ ತಂದ ತೀರ್ಥ ಕುಡಿಸುವುದು ಅಪಾಯ: ನುಂಗಲು ಆಗದವರಿಗೆ ಶ್ವಾಸಕೋಶಕ್ಕೆ ಇಳಿಯುತ್ತದೆ, ಕಾಯಿಸದ ನೀರಿನಿಂದ ಸೋಂಕು ತಗಲುತ್ತದೆ, ಡಯಾಲಿಸಿಸ್‌ನವರಿಗೆ ದಿನದ ನೀರು ಅಳತೆಯದಾಗಿರುತ್ತದೆ. ಮನೆಯಲ್ಲಿ ಆಕ್ಸಿಜನ್ ಹಾಕಿದ್ದರೆ ಆ ಕೋಣೆಯಲ್ಲಿ ಮೇಣದಬತ್ತಿ, ಊದುಬತ್ತಿ ಹಚ್ಚಲೇಬಾರದು. ಹಾಸಿಗೆ ಬಟ್ಟೆಯೆಲ್ಲ ಆಕ್ಸಿಜನ್ ಹೀರಿಕೊಂಡಿರುತ್ತದೆ, ಕಿಡಿ ಬಿದ್ದರೆ ಕ್ಷಣದಲ್ಲಿ ಹತ್ತಿ ಉರಿಯುತ್ತದೆ. ಫಾದರ್ ತಂದುಕೊಡುವ ಪವಿತ್ರ ರೊಟ್ಟಿಯಾದ ಪರಮಪ್ರಸಾದದ ವೇಳೆ ಮೇಣದಬತ್ತಿ ಬೇಕೇ ಬೇಕೆಂದು ಹಟ ಹಿಡಿಯುವ ಮನೆಯವರಿಗೆ ಫಾದರೇ ಇದನ್ನು ಹೇಳಬೇಕು.

ಫೋಟೋ ತೆಗೆದು ಗ್ರೂಪಿಗೆ ಹಾಕಬೇಡಿ. ಪ್ರಾರ್ಥನಾ ವಿನಂತಿಯ ಹೆಸರಿನಲ್ಲಿ ಸ್ಕ್ಯಾನ್ ರಿಪೋರ್ಟು ಊರೆಲ್ಲ ಸುತ್ತುವುದೂ ನಿಲ್ಲಬೇಕು.

‘ಗುಣವಾಯಿತು, ಮಾತ್ರೆ ಬಿಡಿ’ ಎಂದು ಹೇಳುವವರ ಬಗ್ಗೆ ಕಟುವಾಗಿಯೇ ಬರೆಯಬೇಕಾಗಿದೆ. ಇನ್ಸುಲಿನ್ ಮೇಲೆ ಬದುಕಿರುವವರು ಅದನ್ನು ಬಿಟ್ಟರೆ ಒಂದೆರಡು ದಿನದಲ್ಲಿ ರಕ್ತ ಆಮ್ಲೀಯವಾಗಿ ಪ್ರಜ್ಞೆ ತಪ್ಪುತ್ತದೆ. ಇನ್ಸುಲಿನ್ ತೆಗೆದುಕೊಂಡು ಉಪವಾಸ ಪ್ರಾರ್ಥನೆಗೆ ಕುಳಿತರೆ ಸಕ್ಕರೆ ಕುಸಿದು ಅದೇ ಗತಿ. ಡಯಾಲಿಸಿಸ್ ತಪ್ಪಿಸಿದರೆ ಪೊಟ್ಯಾಸಿಯಂ ಏರಿ ಹೃದಯ ನಿಲ್ಲಬಹುದು. ಮೂರ್ಛೆಯ ಮಾತ್ರೆ ಥಟ್ಟನೆ ನಿಲ್ಲಿಸಿದರೆ ಬಿಡದೆ ಫಿಟ್ಸ್ ಬರುತ್ತದೆ. ಬಹುದಿನದ ಸ್ಟಿರಾಯ್ಡ್ ಒಮ್ಮೆಲೇ ಬಿಟ್ಟರೆ ಬಿಪಿ ಬಿದ್ದುಹೋಗುತ್ತದೆ. ಟಿಬಿಯ ಔಷಧ ಅರ್ಧಕ್ಕೆ ಬಿಟ್ಟರೆ ಮದ್ದಿಗೆ ಬಗ್ಗದ ಟಿಬಿ ಆಗಿ ಮನೆಯವರಿಗೂ ಹರಡುತ್ತದೆ. ಕ್ಯಾನ್ಸರ್, ಮಧುಮೇಹ ವಾಸಿಮಾಡುತ್ತೇವೆಂದು ಮಂತ್ರ, ತಾಯಿತದಂಥವುಗಳ ಜಾಹೀರಾತು ಕೊಡುವುದು 1954ರ ಕಾಯ್ದೆಯಿಂದಲೇ ಅಪರಾಧ.

ಔಷಧದ ವಿರುದ್ಧ ಎತ್ತುವ ವಾಕ್ಯ ಬೈಬಲಿನ ಆಸ ಎಂಬ ಅರಸನದು: ಕಾಲಿನ ರೋಗದಲ್ಲಿ ಯೆಹೋವನನ್ನು ಹುಡುಕದೆ ವೈದ್ಯರನ್ನು ಹುಡುಕಿದ. ಅಲ್ಲಿ ತಪ್ಪೆನಿಸಿದ್ದು ದೇವರನ್ನು ಬಿಟ್ಟದ್ದು. ವೈದ್ಯನನ್ನು ಹುಡುಕುವುದೇ ತಪ್ಪಾಗಿದ್ದರೆ, ವೈದ್ಯ ಲೂಕನನ್ನು ಪ್ರಿಯನೆಂದು ಪೌಲ ಬರೆಯುತ್ತಿರಲಿಲ್ಲ. ಕಥೋಲಿಕರ ಬೈಬಲಿನಲ್ಲಿರುವ ಸಿರಾಖನ ಗ್ರಂಥದ 38ನೇ ಅಧ್ಯಾಯ ವೈದ್ಯನನ್ನು ಗೌರವಿಸು, ಪ್ರಾರ್ಥನೆಯನ್ನೂ ಬಿಡಬೇಡ ಎಂದು ಒಂದೇ ಉಸಿರಿನಲ್ಲಿ ಹೇಳುತ್ತದೆ. ಹತ್ತು ಕುಷ್ಠರೋಗಿಗಳನ್ನು ಯೇಸು ಕಳುಹಿಸಿದ್ದು ಯಾಜಕರಿಗೆ ಮೈ ತೋರಿಸಿಕೊಳ್ಳಲು. ಗುಣವಾಯಿತೋ ಇಲ್ಲವೋ ಎಂದು ನೋಡಿ ಹೇಳುವ ಅಧಿಕಾರ ಆಗ ಅವರದಾಗಿತ್ತು. ಇವತ್ತು ಯಾರಿಗಾದರೂ ಗುಣವಾದಂತೆ ಅನ್ನಿಸಿದರೆ ಹಾಗೆಯೇ ಹೋಗಿ ತೋರಿಸಲಿ. ಮಾತ್ರೆ ನಿಲ್ಲಿಸುವುದು ಬರೆದುಕೊಟ್ಟವರ ಕೆಲಸ. 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಮದ್ದು ಕೊಡತೊಡಗಿದ ಫಾದರ್ ಮುಲ್ಲರ್ ಅವರ ಆಸ್ಪತ್ರೆ, 1906ರ ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆ, 1923ರ ಉಡುಪಿಯ ಲೊಂಬಾರ್ಡ್ ಆಸ್ಪತ್ರೆ ಇವೆಲ್ಲ ಬೈಬಲ್ ಓದುವ ಜನ ಕಟ್ಟಿದವು ಎಂಬುದು ಈ ನಾಡಿನಲ್ಲಿ ಯಾರಿಗೂ ಮರೆಯಬಾರದು.

ನೋವಿನ ವಿಷಯದಲ್ಲಿ ಇನ್ನೊಂದು ಗೊಂದಲ. ಶಿಲುಬೆಯ ಬಳಿ ಯೇಸು ನೋವು ಮಂಕಾಗಿಸುವ, ಬೋಳ ಎಂಬ ಅಂಟು ಬೆರೆಸಿದ ದ್ರಾಕ್ಷಾರಸ ತೆಗೆದುಕೊಳ್ಳಲಿಲ್ಲ, ಹಾಗಾಗಿ ತಾನೂ ನೋವು ಸಹಿಸಬೇಕು ಎಂದು ಮಾರ್ಫಿನ್ ಬೇಡವೆನ್ನುವ ರೋಗಿಗಳಿದ್ದಾರೆ. ಅದೇ ಬೈಬಲಿನ ಜ್ಞಾನೋಕ್ತಿಗಳು 31ರಲ್ಲಿ, ಸಾಯುವಂತಿರುವವನಿಗೆ ಮದ್ಯ ಕೊಡು, ದುಃಖ ಮರೆಯಲಿ ಎಂಬ ಮಾತಿದೆ. 1957ರಲ್ಲಿ ಪೋಪ್ 12ನೇ ಪಯಸ್, ನೋವು ತಗ್ಗಿಸುವುದೇ ಉದ್ದೇಶವಾಗಿದ್ದರೆ ಅಂಥ ಔಷಧ ಕೊಡಬಹುದು ಎಂದು ವೈದ್ಯರಿಗೆ ಸ್ಪಷ್ಟಪಡಿಸಿದರು. 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ (ಕೊನೆಯ ದಿನಗಳ ರೋಗಿಗಳ ಆರೈಕೆ ಕೇಂದ್ರ) ತೆರೆದ ಸಿಸಿಲಿ ಸಾಂಡರ್ಸ್, ಆಳವಾದ ಕ್ರೈಸ್ತ ನಂಬಿಕೆಯ ವೈದ್ಯೆ, ನೋವು ಏರುವವರೆಗೆ ಕಾಯದೆ ಹೊತ್ತುಹೊತ್ತಿಗೆ ಮಾರ್ಫಿನ್ ಕೊಡಬೇಕೆಂದು ತೋರಿಸಿಕೊಟ್ಟರು. ಸಾಮಾನ್ಯ ಮಾರ್ಫಿನ್ ಮಾತ್ರೆಯನ್ನು 4 ಗಂಟೆಗೊಮ್ಮೆ ಕೊಡುತ್ತಾರೆ, ಜೊತೆಗೆ ಮಲಬದ್ಧತೆಯ ಔಷಧ ಇರಲೇಬೇಕು. ಅದನ್ನು ಮರೆತಾಗಲೇ ಹೊಟ್ಟೆನೋವು ಬಂದು ‘ಮಾರ್ಫಿನ್ ಕೆಟ್ಟದ್ದು’ ಎನ್ನುತ್ತಾರೆ. ತಿಳಿದ ವೈದ್ಯರು ಅಳತೆ ಏರಿಸುತ್ತ ಹೋದರೆ ಅದು ಸಾವನ್ನು ಹತ್ತಿರ ತರುವುದಿಲ್ಲ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯಂಥ ಕಡೆ ಈ ಚಿಕಿತ್ಸೆ ಸಿಗುತ್ತದೆ. ವಾಸಿಯಾಗದ ಹಂತದ ಕ್ಯಾನ್ಸರ್ ರೋಗಿಗಳನ್ನು ಅಲ್ಲಿನ ಕರುಣಾಶ್ರಯ ಹಾಸ್ಪಿಸ್ ಉಚಿತವಾಗಿ ನೋಡಿಕೊಳ್ಳುತ್ತದೆ. ಪ್ರಾರ್ಥನೆಗೆ ಹೋದವರು ಈ ವಿಳಾಸ ಬರೆದುಕೊಟ್ಟು ಬಂದರೆ ಅದೂ ಪ್ರಾರ್ಥನೆಯ ಭಾಗವೇ. ನೋವಿನಲ್ಲಿ ಹೊರಳಾಡುವವರಿಗೆ ಪ್ರಾರ್ಥಿಸಲು ಆಗುವುದಿಲ್ಲ.

ಮನೆಯ ವ್ಯವಸ್ಥೆ ಮಾಡಿಕೋ ಎಂಬ ಯೆಶಾಯನ ಮಾತಿಗೆ ಇಂದು ಕಾನೂನಿನ ರೂಪವೂ ಇದೆ. ಸುಪ್ರೀಂ ಕೋರ್ಟ್ 2018ರ ಮಾರ್ಚಿನಲ್ಲಿ ಒಪ್ಪಿ, 2023ರ ಜನವರಿಯಲ್ಲಿ ಸರಳಗೊಳಿಸಿದ ಮುಂಗಡ ವೈದ್ಯಕೀಯ ನಿರ್ದೇಶನ ಅಂದರೆ ‘ಲಿವಿಂಗ್ ವಿಲ್’ ಇದು. ಬುದ್ಧಿ ಸ್ವಸ್ಥವಾಗಿರುವ ವಯಸ್ಕರು ಬರಹದಲ್ಲಿ, ಇಬ್ಬರು ಸಾಕ್ಷಿಗಳ ಎದುರು ಸಹಿಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿ, ತಮ್ಮ ಪರವಾಗಿ ಮಾತಾಡುವವರ ಹೆಸರು ಬರೆದಿಡಬೇಕು. ಪ್ರತಿಗಳು ಮನೆಯವರ ಬಳಿ, ಡಾಕ್ಟರ ಬಳಿ, ಸ್ಥಳೀಯ ಸಂಸ್ಥೆಯ ನಿಯೋಜಿತ ಅಧಿಕಾರಿಯ ಬಳಿ ಇರಬೇಕು. ಗುಣವಾಗುವ ಆಸೆ ಉಳಿದಿಲ್ಲ, ರೋಗಿಗೆ ನಿರ್ಧರಿಸುವ ಶಕ್ತಿಯೂ ಇಲ್ಲ ಎನ್ನುವಾಗ ಮಾತ್ರ ಅದು ಜಾರಿಗೆ ಬರುತ್ತದೆ. ಆಗಲೂ ಆಸ್ಪತ್ರೆಯ ಮೂವರ ಮಂಡಳಿ ಒಪ್ಪಬೇಕು, ಮೇಲೆ ಎರಡನೇ ಮಂಡಳಿ ಒಪ್ಪಬೇಕು. ತಲಾ 48 ಗಂಟೆಯೊಳಗೆ ತೀರ್ಮಾನಿಸುವುದು ಅಪೇಕ್ಷಿತ. ಇದನ್ನು ಜಾರಿಗೊಳಿಸಲು ಕರ್ನಾಟಕ ಸರ್ಕಾರ 2025ರ ಜನವರಿ 30ರಂದು ಆದೇಶ ಹೊರಡಿಸಿದೆ. ಇದು ಇಂಜೆಕ್ಷನ್ ಕೊಟ್ಟು ಸಾಯಿಸುವುದಲ್ಲ, ಅದು ಅಪರಾಧವೇ. ಅತಿಯಾದ ಉಪಾಯಗಳಿಂದ ಉಸಿರು ಎಳೆಯುತ್ತಲೇ ಇರಬೇಕೆಂಬ ಕಡ್ಡಾಯವಿಲ್ಲ ಎಂದು ಪಯಸ್ ಅದೇ 1957ರ ನವೆಂಬರಿನಲ್ಲಿ ಹೇಳಿದ್ದರು. ಕಾಗದ ಬರೆದಿಟ್ಟರೆ ನಂಬಿಕೆ ಕಡಿಮೆಯಾಗುತ್ತದೆ ಎಂಬ ಹೆದರಿಕೆ ಬೇಡ. ಆಸ್ತಿಯ ವಿಲ್ಲು, ಬ್ಯಾಂಕಿನ ನಾಮಿನಿ ಇವನ್ನೂ ಮಾತು ಆಡಲಾಗುವಾಗಲೇ ಮುಗಿಸಬೇಕು.

ಕಥೋಲಿಕ ಮನೆಯವರಿಗೆ ಒಂದು ಮಾತು. ರೋಗಿಗಳ ಅಭ್ಯಂಗ, ಅಂದರೆ ಫಾದರ್ ಬಂದು ಪವಿತ್ರ ತೈಲ ಹಚ್ಚುವುದು, ಸಾಯುವ ಗಳಿಗೆಗೆ ಮಾತ್ರ ಮೀಸಲಾದ ಸಂಸ್ಕಾರವಲ್ಲ. ಕಥೋಲಿಕ ಬಿಷಪ್ಪರು ಸೇರಿದ್ದ ಎರಡನೇ ವ್ಯಾಟಿಕನ್ ಸಭೆಯ ನಂತರ, 1972ರಲ್ಲಿ ಅದರ ವಿಧಿಯನ್ನೇ ಹಾಗೆ ತಿದ್ದಲಾಗಿದೆ. ಈಗ ಹಣೆಗೂ ಕೈಗಳಿಗೂ ತೈಲ ಹಚ್ಚುತ್ತಾರೆ, ಕಾಯಿಲೆ ಉಲ್ಬಣಿಸಿದರೆ ಮತ್ತೆ ಪಡೆಯಬಹುದು. ‘ಫಾದರ್ ಬಂದರೆ ಅವರಿಗೆ ಭಯವಾಗುತ್ತದೆ’ ಎಂದು ವೆಂಟಿಲೇಟರ್ ಹಾಕುವವರೆಗೆ ಕಾಯುತ್ತೀರಿ. ಪಾಪನಿವೇದನೆಗೆ ಮಾತು ಬೇಕು, ಪರಮಪ್ರಸಾದಕ್ಕೆ ನುಂಗುವ ಶಕ್ತಿ ಬೇಕು. ಎರಡೂ ಆಗ ಉಳಿದಿರುವುದಿಲ್ಲ. ದೊಡ್ಡ ಆಪರೇಷನ್‌ಗೆ ಮೊದಲೇ ಕರೆಸಿ.

ಕೊನೆಯ ಒಂದೆರಡು ದಿನ ಕಾಲು ತಣ್ಣಗಾಗುತ್ತದೆ, ಗಂಟಲಿನಲ್ಲಿ ಗೊರಗೊರ ಸದ್ದು ಬರುತ್ತದೆ. ನೋಡುವವರಿಗೆ ಹೆದರಿಕೆಯಾದರೂ ರೋಗಿಗೆ ಅದರ ಅರಿವು ಸಾಮಾನ್ಯವಾಗಿ ಇರುವುದಿಲ್ಲ. ಒಂದು ಮಗ್ಗುಲಿಗೆ ಹೊರಳಿಸಿದರೆ ಸದ್ದು ತಗ್ಗುತ್ತದೆ. ಬಾಯಿಗೆ ನೀರು ಬಿಡಬೇಡಿ, ಒದ್ದೆ ಹತ್ತಿಯಿಂದ ತುಟಿ ನೆನೆಸಿ. ಉಸಿರು ಅರ್ಧ ನಿಮಿಷ ನಿಂತು ಮತ್ತೆ ಶುರುವಾಗಬಹುದು, ಹೋಯಿತೆಂದು ಕೂಗಬೇಡಿ. ಅವರ ಕಿವಿಗೆ ಇನ್ನೂ ಕೇಳಿಸುತ್ತಿರಬಹುದು. ಆಗ ಉದ್ದದ ಪ್ರಾರ್ಥನೆ ಬೇಡ. ಶಿಲುಬೆಯ ಮೇಲೆ ಯೇಸು ಹೇಳಿದ, 31ನೇ ಕೀರ್ತನೆಯಿಂದ ಎತ್ತಿಕೊಂಡ ಆ ಒಂದು ಸಾಲು ಸಾಕು, ಆತ್ಮವನ್ನು ನಿನ್ನ ಕೈಗೆ ಒಪ್ಪಿಸುತ್ತೇನೆ ಎಂಬುದು. ಅವರು ಚಿಕ್ಕಂದಿನಲ್ಲಿ ಪ್ರಾರ್ಥಿಸಿದ ಭಾಷೆಯಲ್ಲಿರಲಿ, ಕನ್ನಡವೋ ಕೊಂಕಣಿಯೋ ತುಳುವೋ. ಪಾರ್ಶ್ವವಾಯುವಿನಿಂದ ಮಾತು ಹೋದವರ ತುಟಿಯೂ ಬಾಯಿಪಾಠದ ಪ್ರಾರ್ಥನೆಗೆ ಅಲುಗುವುದುಂಟು. ಅವರ ಉಸಿರಿಗೆ ಸರಿಯಾಗಿ, ನಿಧಾನವಾಗಿ ಹೇಳಿ. ಹೇಳುವವರ ಗಂಟಲು ಕಟ್ಟಿ ನಿಂತರೆ ನಿಲ್ಲಲಿ. ಪಕ್ಕದಲ್ಲಿರುವವರು ಅಲ್ಲಿಂದ ಮುಂದುವರಿಸಬಹುದು.

ಇಂತಿ,
ರೋಗಿಗಳ ಭೇಟಿ ಸೇವೆಯಲ್ಲಿರುವ ಓದುಗರು,
ಮಂಗಳೂರು